ಮುಚ್ಚಿದ ಶಟರಿನೊಳಗೆ ಕಂಡ ಶಾಖ

ಅಳತೆಗೆ ಸಿಗದ್ದನ್ನು ನಾನು ನಂಬಿದವಳಲ್ಲ. ‘ಯಾರೋ ಕರೆದ ಹಾಗಾಯಿತು’ ಎಂದು ಶುರುವಾಗುವ ಉಡುಪಿಯ ಚಿಕ್ಕಮ್ಮನ ಕತೆಗಳಿಗೆಲ್ಲ ನಗುತ್ತಿದ್ದೆ. ಇದನ್ನು ಓದಿ ನೀವು ನಕ್ಕರೂ ನನಗೆ ಬೇಸರವಿಲ್ಲ.

ಕೊರೊನಾದ ಎರಡನೆಯ ವರ್ಷ. ಮಲೇಷ್ಯಾದ ನಿಲಾಯ್‌ನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಬಾಹ್ಯಾಕಾಶಕ್ಕೆ ಹೋಗಲಿದ್ದ ಒಂದು ದೂರದರ್ಶಕದ ಡಿಟೆಕ್ಟರ್ ಎಷ್ಟು ಸೂಕ್ಷ್ಮ ಎಂದು ಪರೀಕ್ಷಿಸುವ ಕೆಲಸ ನಮಗೆ ಸಿಕ್ಕಿತ್ತು. ಬಹುದೂರದ ತಣ್ಣನೆಯ ಧೂಳಿನ ಮೋಡಗಳಿಂದ ಬರುವ, ಕಣ್ಣಿಗೆ ಕಾಣದ ಶಾಖಕಿರಣವನ್ನು ಹಿಡಿಯುವ ಸಾಧನ ಅದು. ತಾನೇ ಬೆಚ್ಚಗಾದರೆ ಅದಕ್ಕೆ ಬೇರೇನೂ ಕಾಣಿಸದು. ಹಾಗಾಗಿ ಅದನ್ನು ದ್ರವ ನೈಟ್ರೋಜನ್ ಸುತ್ತುವರಿದ ಉಕ್ಕಿನ ಪಾತ್ರೆಯೊಳಗೆ, ನೀವು ಊಹಿಸಲಾರದಷ್ಟು ತಣ್ಣಗೆ ಇಟ್ಟಿದ್ದೆವು. ಪಾತ್ರೆಗೊಂದು ಪುಟ್ಟ ಕಿಟಕಿ; ಅದರ ಶಟರ್ ಮುಚ್ಚಿದರೆ ಡಿಟೆಕ್ಟರ್ ಪೂರ್ತಿ ಕುರುಡು.

ಒಂದು ಕೋಣೆಯಲ್ಲಿ ಒಬ್ಬರೇ ಇರಬೇಕೆಂಬ ನಿಯಮವಿತ್ತು. ನನ್ನ ಜೊತೆಗಾರ್ತಿ, ಮೈಸೂರಿನ ಇಂಜಿನಿಯರ್ ರಕ್ಷಿತಾ, ಪ್ರಯೋಗಾಲಯದೊಳಗೆ; ನಾನು ಎದುರು ಕೋಣೆಯಲ್ಲಿ, ಕಂಪ್ಯೂಟರಿನ ಮುಂದೆ.

ಆ ಮಧ್ಯಾಹ್ನ ಅವಳು ಫೋನ್ ಮಾಡಿದಳು. “ಮೇಡಂ, ಶಟರ್ ಕ್ಲೋಸ್ ಮಾಡಿದೀನಿ. ಇನ್ನು ಸುಮ್ನೆ ಕಾಯೋದೇ ಕೆಲ್ಸ. ನೀವು ಮಾಮಕ್ ಅಂಗಡಿಗೆ ಹೋಗಿ ಏನಾದ್ರೂ ತಪಾವ್ ಮಾಡ್ಕೊಂಡ್ ಬನ್ನಿ ಲಾ, ಹೊಟ್ಟೆ ಹಸೀತಿದೆ.”

ಅವಳ ಮಾತಿಗೆ ಆಗಲೇ ಅಲ್ಲಿನವರ ‘ಲಾ’ ಅಂಟಿಕೊಂಡಿತ್ತು. ಮಾಮಕ್ ಹೋಟೆಲಿನಿಂದ ಊಟ ಕಟ್ಟಿಸಿಕೊಂಡು ಬರಲು ಮಾಸ್ಕ್ ಹಾಕಿಕೊಂಡು ಎದ್ದೆ. ಆಗ ಕಂಪ್ಯೂಟರ್ ತೆರೆಯ ಮೇಲೆ, ಅಲ್ಲಿಯವರೆಗೆ ನೇರವಾಗಿದ್ದ ಡಿಟೆಕ್ಟರಿನ ಗೆರೆ ಎದ್ದಿತು. ನಿಧಾನವಾಗಿ ಏರಿ, ಇಳಿದು, ಮತ್ತೆ ಏರಿತು. ಆ ಆಕಾರ ನನಗೆ ಚೆನ್ನಾಗಿ ಗೊತ್ತು. ಶಟರ್ ತೆರೆದಿದ್ದಾಗ ಕಿಟಕಿಯೆದುರು ಯಾರಾದರೂ ನಿಂತು ಉಸಿರಾಡಿದರೆ ಬರುವ ಗೆರೆ ಅದು.

ರೇಗಿಹೋಯಿತು. ಫೋನ್ ಮಾಡಿದೆ. “ಎಂತ ಮಾಡ್ತಿದ್ದಿ ಮಾರಾಯ್ತಿ? ಶಟರ್ ಯಾಕೆ ತೆಗೆದೆ?” ಎಂದು ಕೇಳಲು ಮಾತು ಸಿದ್ಧವಾಗಿತ್ತು. ಅವಳು ಎತ್ತಲಿಲ್ಲ. ಬೈಯಲೆಂದೇ ಹೋಗಿ ಬಾಗಿಲು ನೂಕಿದೆ.

ರಕ್ಷಿತಾ ನೆಲದ ಮೇಲೆ ಬಿದ್ದಿದ್ದಳು. ನೈಟ್ರೋಜನ್ ಪೈಪು ಬುಸುಗುಡುತ್ತಿತ್ತು. ಸೋರಿದ ಅನಿಲ ಕೋಣೆಯ ಗಾಳಿಯನ್ನು ಹೊರತಳ್ಳಿತ್ತು. ಆಮ್ಲಜನಕ ಕಡಿಮೆಯಾದರೆ ಕೂಗಬೇಕಾದ ಅಲಾರಂ ಕೂಗಿರಲಿಲ್ಲ. ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟು, ಉಸಿರು ಬಿಗಿಹಿಡಿದು, ಎರಡೂ ಕಂಕುಳಿಗೆ ಕೈಹಾಕಿ ಅವಳನ್ನು ಹೊರಗೆಳೆದೆ. ಅವಳ ತುಟಿ ನೀಲಿಯಾಗಿತ್ತು. ಕಾರಿಡಾರಿನಲ್ಲಿ ಅವಳು ಕೆಮ್ಮಿ ಕಣ್ಣು ತೆರೆದ ಮೇಲೆ ಆಂಬುಲೆನ್ಸಿಗೆ ಫೋನ್ ಮಾಡಿದೆ.

ಆಸ್ಪತ್ರೆಯಲ್ಲಿ ಕೇಳಿದೆ, “ನೀನು ಶಟರ್ ತೆರೆದಿದ್ಯಾ?”

“ಇಲ್ಲ ಮೇಡಂ. ಅದರ ಹತ್ರಾನೂ ಹೋಗಿಲ್ಲ.”

ನಿಜ. ಆಮೇಲೆ ನೋಡಿದರೆ ಶಟರ್ ಬಿಗಿಯಾಗಿ ಮುಚ್ಚಿಯೇ ಇತ್ತು. ಅವಳು ಬಿದ್ದಿದ್ದ ಜಾಗವೂ ಪಾತ್ರೆಯ ಹಿಂಬದಿಗೆ.

ನಾನು ಅಷ್ಟಕ್ಕೆ ಬಿಡುವವಳಲ್ಲ. ಹೊಸ ಅಲಾರಂ ಹಾಕಿಸಿ, ಕೋಣೆಯಲ್ಲಿ ಯಾರೂ ಇಲ್ಲದಾಗ ಬೇಕೆಂದೇ ನೈಟ್ರೋಜನ್ ಬಿಟ್ಟು, ಗೆರೆ ಏಳುತ್ತದೆಯೇ ಎಂದು ನೋಡಿದೆವು. ಪೈಪನ್ನು ಅಲುಗಾಡಿಸಿದೆವು. ವಿದ್ಯುತ್ ಏರಿಳಿತ ಮಾಡಿ ನೋಡಿದೆವು. ಕೊನೆಗೆ ರಕ್ಷಿತಾಳೇ ಹಟ ಹಿಡಿದು, ಒಳ್ಳೆಯ ಗಾಳಿಯಿದ್ದಾಗ, ಅದೇ ಜಾಗದಲ್ಲಿ ಮಲಗಿದಳು. ಗೆರೆ ಒಮ್ಮೆಯೂ ಕದಲಲಿಲ್ಲ.

ಡಿಟೆಕ್ಟರಿನಲ್ಲಿ ದೋಷವಿರಲಿಲ್ಲ, ಅದನ್ನು ಇಂದಿಗೂ ಧೈರ್ಯವಾಗಿ ಹೇಳಬಲ್ಲೆ. ಅದು ಎಷ್ಟು ಸೂಕ್ಷ್ಮ ಎಂದು ಅಳೆದು, ಸಹಿ ಹಾಕಿ ಕಳಿಸಿದವಳು ನಾನೇ. ಆದರೆ ಆ ಮಧ್ಯಾಹ್ನ ಅದರೆದುರು ನಿಂತು ಉಸಿರಾಡಿದವರು ಯಾರು ಎಂದು ರಕ್ಷಿತಾ ಈಗಲೂ ಕೇಳುತ್ತಾಳೆ.