ಬೆಳಕಿಗೆ ಹಿಡಿದ ಬಾಟಲಿ

ನಮ್ಮ ಬನಹಟ್ಟಿಯ ದವಾಖಾನೆಯ ನರ್ಸಬಾಯಿಯ ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿರುತ್ತಿತ್ತು. ಬಸುರಿಯರ ಮೂತ್ರದ ಬಾಟಲಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ ನೋಡಿ ಅದು ಹಾಗೇ ನಿಂತುಬಿಟ್ಟಿತ್ತು. ಆ ಕಣ್ಣನ್ನು ಅಣಕಿಸಿ ಓಣಿಯನ್ನು ನಗಿಸುತ್ತಿದ್ದವ ನಾನು. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಹೆಂಡತಿಯ ಬಾಟಲಿಯಲ್ಲಿ ನನ್ನದನ್ನು ತುಂಬಿ ಕೊಟ್ಟವನೂ ನಾನೇ.

ಅವರ ಮೇಜಿನ ಮೇಲೆ ಒಂದು ತಾಮ್ರದ ತಂಬಿಗೆ ಇರುತ್ತಿತ್ತು. ಬಂದ ಬಸುರಿ ಮೊದಲು ನೀರು ಕುಡಿಯಬೇಕು, ಆಮೇಲೆ ಮಾತು. ನಮ್ಮ ಕಡೆಯ ಹೆಂಗಸರು ಮುಂಜಾನೆಯಿಂದ ಮಗ್ಗದ ಶೆಡ್ಡಿನಲ್ಲಿ ನೂಲು ಸುತ್ತುತ್ತ ಕೂರುವವರು. ಹಗಲು ಎದ್ದು ಹೋಗಲು ಜಾಗವಿಲ್ಲವೆಂದು ನೀರನ್ನೇ ಮುಟ್ಟುತ್ತಿರಲಿಲ್ಲ. "ಹೊರಗ ಹೋಗೂದಾಗತೈತಿ ಅಂತ ನೀರ ಬಿಟ್ರ, ಇಲ್ಲಿ ಬರೂದಾಗತೈತಿ" ಎನ್ನುತ್ತಿದ್ದರು ನರ್ಸಬಾಯಿ. ಅತ್ತೆಯಂದಿರನ್ನು, ಗಂಡಂದಿರನ್ನು ಏನಾದರೂ ನೆಪ ಹೇಳಿ ಹೊರಗೆ ಕಳಿಸಿದ ಮೇಲೆಯೇ ಉರಿಮೂತ್ರದ ಪ್ರಶ್ನೆ. ಮುಂದೆ ಎಷ್ಟೋ ವರ್ಷಕ್ಕೆ ನರ್ಸಬಾಯಿ ತೀರಿಕೊಂಡ ದಿನ ಅವರ ಮನೆ ಮುಂದೆ ನೆರೆದವರಿಗೆ ಯಾರೋ ಅದೇ ತಂಬಿಗೆಯಿಂದ ನೀರು ಕೊಡುತ್ತಿದ್ದರು.

ಏಳು ತಿಂಗಳ ಬಸುರಿಯಾಗಿದ್ದ ನನ್ನ ಹೆಂಡತಿ ಉರಿಯ ವಿಷಯ ಹೇಳಿದ್ದು ಅವರಿಗೆ ಮಾತ್ರ. ಅವರು ಖಾಲಿ ಬಾಟಲಿ ಕೊಟ್ಟು, ಮರುದಿನ ಮುಂಜಾನೆಯ ಮೊದಲ ಮೂತ್ರ ತರಲು ಹೇಳಿದರು. ಸೋಂಕಿದ್ದು ಮೇಲೇರಿದರೆ ಚಳಿಜ್ವರ ಬಂದು ತಿಂಗಳು ತುಂಬುವ ಮೊದಲೇ ಹೆರಿಗೆಯಾದೀತು ಎಂದು ನನಗೂ ತಿಳಿಸಿದರು. ಆ ಮಾತನ್ನು ನಾನು ಮನೆಯಲ್ಲಿ ಅವರದೇ ದನಿಯಲ್ಲಿ ಹೇಳಿ ಅವ್ವನನ್ನು ನಗಿಸಿದೆ.

ಮರುದಿನ ಬಾಟಲಿಯನ್ನು ಬುತ್ತಿಚೀಲದಲ್ಲಿಟ್ಟುಕೊಂಡು ಹೊರಟವ ಚಹಾದಂಗಡಿ ಮುಂದೆ ನಿಂತೆ. ಗೆಳೆಯರು ನರ್ಸಬಾಯಿಯ ಸೋಗು ಕೇಳುವುದು, ನಾನು ಮಾಡದಿರುವುದು ಎಂದಾದರೂ ಉಂಟೇ? ಬಾಟಲಿಯನ್ನು ಸೂರ್ಯನಿಗೆ ಹಿಡಿದು ಎಡಗಣ್ಣು ಮುಚ್ಚಿದೆ. ಕಣ್ಣು ಮುಚ್ಚಿತು, ಕೈ ಜಾರಿತು, ಮುಚ್ಚಳ ಬಿಚ್ಚಿ ಇದ್ದದ್ದೆಲ್ಲ ಚೆಲ್ಲಿತು. ಮನೆಗೆ ಮರಳಿ ಹೆಂಡತಿಗೆ ಏನೆಂದು ಹೇಳಲಿ? ಬೇವಿನ ಮರದ ಹಿಂದೆ ಹೋಗಿ ನಾನೇ ತುಂಬಿಸಿದೆ.

ನರ್ಸಬಾಯಿ ಸೋಂಕು ತೋರಿಸುವ ಪಟ್ಟಿ ಅದ್ದಿ ನೋಡಿದರು. ಬಣ್ಣ ಬದಲಾಗಲಿಲ್ಲ. ಬಾಟಲಿಯನ್ನು ಬೆಳಕಿಗೆ ಹಿಡಿದರು, ನನ್ನನ್ನು ನೋಡಿದರು. ಡ್ರಾವರಿನಿಂದ ಬಸಿರು ನೋಡುವ ಕಾರ್ಡು ತೆಗೆದು ಅದರ ಮೇಲೆ ಹನಿ ಬಿಟ್ಟರು. ಕಾಯುವಷ್ಟು ಹೊತ್ತು ನನಗೂ ತಂಬಿಗೆಯ ನೀರು ಕುಡಿಸಿದರು. ಎರಡು ಗೆರೆ ಬರಬೇಕಾದಲ್ಲಿ ಒಂದೇ ಬಂತು.

"ಏಳ ತಿಂಗಳ ಬಸರಿ ನಿನ್ನೆ ಇಲ್ಲೇ ಕುಂತಿದ್ಲು. ಇದ್ಯಾರದೋ ತಮ್ಮಾ?"

ಹೇಳಿದೆ. ಬೈಯದೆ, ಅವಳನ್ನೇ ಕರೆದುಕೊಂಡು ಬಾ ಎಂದರು. ಅರ್ಧ ತಾಸಿನಲ್ಲಿ ಹೆಂಡತಿಯನ್ನು ಕರೆತಂದೆ. ಅವಳ ಮೂತ್ರದಲ್ಲಿ ಸೋಂಕಿತ್ತು. ಡಾಕ್ಟರು ಗುಳಿಗೆ ಕೊಟ್ಟರು. ಗುಳಿಗೆ ಮುಗಿದ ಮೇಲೆ ನರ್ಸಬಾಯಿ ಮತ್ತೊಮ್ಮೆ ಪರೀಕ್ಷೆ ಮಾಡಿದರು. ಈ ಸಲ ಬಾಟಲಿ ನನ್ನ ಕೈಗೆ ಬರಲಿಲ್ಲ. ತಿಂಗಳು ತುಂಬಿಯೇ ಮಗಳು ಹುಟ್ಟಿದಳು.

ತೇರದಾಳದಲ್ಲಿ, ಹೆಂಡತಿಯ ತವರಿನಲ್ಲಿ, ತೊಟ್ಟಿಲ ಕಾರ್ಯ. ನರ್ಸಬಾಯಿಯನ್ನೂ ಕರೆದಿದ್ದೆವು. ಬೀಗರು ಒತ್ತಾಯ ಮಾಡಿದ್ದೇ ತಡ, ನರ್ಸಬಾಯಿಯ ಎದುರೇ ಅವರ ಕಣ್ಣು, ಅವರ ದನಿ, ಎಲ್ಲ ಮಾಡಿ ತೋರಿಸಿದೆ. ಮನೆಯೆಲ್ಲ ನಕ್ಕಿತು. ಅಳಿಯ ಹೇಗೆ ಮಾಡಿದನೆಂದು ನನ್ನ ಅತ್ತೆ ಅವರನ್ನೇ ಕೇಳಿದರು. ತೊಡೆಯ ಮೇಲಿದ್ದ ಕೂಸಿನಿಂದ ತಲೆ ಎತ್ತದೆ ಅವರೆಂದರು:

"ನರ್ಸಬಾಯಿ ಸೋಗು ಛಲೋ ಹಾಕ್ತಾನ್ರಿ. ಬಸರಿ ಸೋಗು ಹಾಕಾಕ ಹೋಗಿ ಸಿಕ್ಕೊಂಡ."