ತೊಳೆಯದೆ ಬಿಟ್ಟ ಕರಡಿ ತಲೆ

ಕರಡಿ ತೊಳೆಯುವುದು ನನ್ನಷ್ಟು ಚೆನ್ನಾಗಿ ಆಳಂದದಲ್ಲಿ ಇನ್ನೊಬ್ಬರಿಗೆ ಬರುವುದಿಲ್ಲ. ಜಂಬದಿಂದಲೇ ಹೇಳುತ್ತಿದ್ದೇನೆ. ಟೆಡ್ಡಿ ವೇಷ ಹಾಕಿಕೊಂಡು ಮದುವೆ, ಹುಟ್ಟುಹಬ್ಬಗಳಲ್ಲಿ ಕುಣಿಯುವುದು ನನ್ನ ಕೆಲಸ. ಅಫಜಲಪುರ, ಜೇವರ್ಗಿ, ಎಲ್ಲಿ ಕರೆದರೂ ಹೋಗುತ್ತೇನೆ. ಬಾಗಿಲಲ್ಲಿ ನಿಂತು ಬಂದವರ ಕೈ ಕುಲುಕಬೇಕು, ಮಕ್ಕಳ ಜೊತೆ ಫೋಟೊಗೆ ನಿಲ್ಲಬೇಕು, ಮದುಮಗನ ಗೆಳೆಯರು ಬಾಲ ಹಿಡಿದು ಜಗ್ಗಿದರೆ ಕುಣಿದಂತೆ ಮಾಡಿ ತಪ್ಪಿಸಿಕೊಳ್ಳಬೇಕು. ಒಳಗೆ ಬೆವರು ಸುರಿದು ಕಾಲುಚೀಲದವರೆಗೆ ಒದ್ದೆಯಾಗುತ್ತದೆ. ಹಾಗಾಗಿ ಪ್ರತಿ ಕಾರ್ಯಕ್ರಮದ ಮರುದಿನ ನಮ್ಮ ಮನೆಯಲ್ಲಿ ಕರಡಿಗೆ ಸ್ನಾನ.

ಮೊದಲ ಕರಡಿಯನ್ನು ನಾನೇ ಕೈಯಾರೆ ಕೊಂದೆ. ಕೌದಿ ಒಗೆದ ಹಾಗೆ ಬಿಸಿನೀರಿಗೆ ಸೋಡಾ ಹಾಕಿ ನೆನೆಸಿ, ಕಲ್ಲಿಗೆ ಬಡಿದು, ಹಿಂಡಿ, ಬೇಸಿಗೆಯ ಮಧ್ಯಾಹ್ನ ತಗಡಿನ ಪತ್ರಾದ ಮೇಲೆ ಹರವಿಬಿಟ್ಟಿದ್ದೆ. ಅದು ನಿಜವಾದ ತುಪ್ಪಳವಲ್ಲ, ಪ್ಲಾಸ್ಟಿಕ್ಕಿನ ಎಳೆ ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ಸಂಜೆ ನೋಡಿದರೆ ಎಳೆಯ ತುದಿಗಳೆಲ್ಲ ಕರಗಿ ಗಂಟುಗಟ್ಟಿದ್ದವು. ಎರಡನೆಯ ಕರಡಿಯ ಹೊತ್ತಿಗೆ ನನಗೆ ಬುದ್ಧಿ ಬಂತು. ತಣ್ಣೀರು, ಒಂದು ಪೊಟ್ಟಣ ಶಾಂಪೂ, ಮೆತ್ತಗೆ ಅದುಮುವುದು. ಹಿಂಡುವ ಹಾಗೇ ಇಲ್ಲ. ನೆರಳಲ್ಲಿ ಹೊರಸಿನ ಮೇಲೆ, ಅಂದರೆ ಹಗ್ಗದ ಮಂಚದ ಮೇಲೆ, ಮಲಗಿಸಿದರೆ ಹಗ್ಗದ ಸಂದಿಯಿಂದ ನೀರು ತಾನಾಗಿ ಇಳಿಯುತ್ತದೆ, ಕೆಳಗಿನಿಂದ ಗಾಳಿಯೂ ಆಡುತ್ತದೆ. ಮೊದಲು ಒಳಮೈ ಹೊರಗೆ ಮಾಡಿ ಒಣಗಿಸಬೇಕು, ಆಮೇಲೆ ತಿರುಗಿಸಬೇಕು. ಇನ್ನೂ ಹಸಿ ಇರುವಾಗಲೇ ಬ್ರಶ್ಶಿನಿಂದ ತುಪ್ಪಳ ಬಾಚಬೇಕು, ಒಣಗಿದ ಮೇಲೆ ಬಾಚಿದರೆ ಕಿತ್ತು ಬರುತ್ತದೆ. ತೊಗರಿ ರಾಶಿಯ ದಿನಗಳಲ್ಲಿ ಅಂಗಳಕ್ಕೆ ತರುವಂತೆಯೇ ಇಲ್ಲ, ಹೊಟ್ಟಿನ ಧೂಳು ಹೊಕ್ಕರೆ ಹಾಕಿಕೊಂಡವನು ಮೈ ಪರಚಿಕೊಂಡೇ ಸಾಯಬೇಕು. ತಲೆಯ ಲೆಕ್ಕ ಬೇರೆ. ಅದರೊಳಗೆ ಸ್ಪಂಜು ಇರುವುದರಿಂದ ನೀರಿಗೆ ಮುಳುಗಿಸುವಂತಿಲ್ಲ. ಸಿರ್ಕಾ, ಅಂದರೆ ವಿನೆಗರ್, ಬೆರೆಸಿದ ನೀರಿನಲ್ಲಿ ಅರಿವೆ ಅದ್ದಿ ಒಳಗೆಲ್ಲ ಒರೆಸಿ, ಬೋರಲು ಹಾಕಿದ ಕೊಡದ ಮೇಲೆ ಕೂರಿಸಿ, ಫ್ಯಾನು ಹಚ್ಚಬೇಕು. ಒಂದು ಸಲ ಬಿಟ್ಟರೂ ಸಾಕು, ನಾತ ಹಿಡಿಯುತ್ತದೆ.

ಈ ನಾತದ ಮಾತಿಗೇ ಬಂದೆ.

ನನ್ನ ಅಕ್ಕನನ್ನು ಆಳಂದದಲ್ಲಿಯೇ, ನಮ್ಮ ಮನೆಯಿಂದ ಎರಡು ಓಣಿ ಆಚೆ, ಗೊಬ್ಬರದ ಅಂಗಡಿ ಇರುವವನಿಗೆ ಕೊಟ್ಟಿದ್ದೇವೆ. ಅವಳಿಗೆ ಒಬ್ಬಳೇ ಮಗಳು. ಆ ಕೂಸಿನ ಜವಳ ಜೇವರ್ಗಿ ಕಡೆಯ ಅವರ ಮನೆದೇವರ ಗುಡಿಯಲ್ಲಿತ್ತು. ಕೂಸಿನ ಮೊದಲ ಕೂದಲು ತೆಗೆಯುವಾಗ ಅದು ಸೋದರಮಾವನ ತೊಡೆಯ ಮೇಲೆ ಕೂತಿರಬೇಕು. ನಮ್ಮ ಕಡೆ ಅದು ಯಾರೂ ಕೇಳಿ ಪಡೆಯುವ ಮಾನವಲ್ಲ, ಅಕ್ಕನಿಗೆ ಕೂಸು ಹುಟ್ಟಿದ ದಿನವೇ ತಮ್ಮನಿಗೆ ಬರುವಂಥದು. ನಾನು ಹೊಸ ಧೋತರ ಉಟ್ಟು, ಕೂಸಿಗೆ ಹೊಸ ಅಂಗಿ, ಕುಂಚಿಗೆ ತೆಗೆದುಕೊಂಡು ಹೋಗಿದ್ದೆ. ಹಿಂದಿನ ದಿನ ಜೇವರ್ಗಿಯಲ್ಲೇ ಒಂದು ಮದುವೆ ಮುಗಿಸಿ, ಕರಡಿಯ ಚೀಲದ ಸಮೇತ ನೇರ ಗುಡಿಗೆ ಬಂದಿದ್ದೆ. ಮಣೆಯ ಮೇಲೆ ಕೂತು ಕೂಸಿಗೆ ಕೈ ಚಾಚಿದೆ.

"ಏ, ಅವನ ತೊಡಿ ಮ್ಯಾಲ ಕೂಡಸಬ್ಯಾಡ್ರಿ," ಅಂದ ಭಾವ, ಎಲ್ಲರೂ ಕೇಳುವ ಹಾಗೆ. "ಕಂಡಕಂಡವರ ಮದಿವ್ಯಾಗ ಕರಡಿ ಆಗಿ ಕುಣಿಯವ. ಹತ್ತ ಮಾರ ದೂರಿಂದನ ನಾರತಾನ. ನಾಳಿಗಿ ನನ್ನ ಮಗಳು ಕರಡಿ ತೊಡಿ ಮ್ಯಾಲ ಕುಂತಿದ್ದಳು ಅಂತ ಮಂದಿ ಅನಬೇಕೇನು? ಏಳಲೇ ಮ್ಯಾಲ."

ಮಂದಿ ನಕ್ಕರು. ಭಾವನ ಕಾಕಾನ ಮಗನೊಬ್ಬ ಬಂದು ಮಣೆಯ ಮೇಲೆ ಕೂತ. ಅಕ್ಕ ತಲೆ ತಗ್ಗಿಸಿದಳು. ನಾನು ಗುಡಿಯ ಹಿಂದೆ ಹೋಗಿ, ಯಾರೂ ಇಲ್ಲದ್ದು ನೋಡಿ, ನನ್ನ ತೋಳು ಎತ್ತಿ ಮೂಸಿಕೊಂಡೆ. ನಾತ ಇತ್ತು. ಅವನು ಸುಳ್ಳು ಹೇಳಿದ್ದರೆ ನಾನು ಎಂದೋ ಮರೆತುಬಿಡುತ್ತಿದ್ದೆನೇನೋ.

ಮರೆಯಲಿಲ್ಲ. ಮರೆಯಲು ಪ್ರಯತ್ನವನ್ನೂ ಮಾಡಲಿಲ್ಲ. ಕ್ಷಮಿಸಿದರೆ ಮನಸ್ಸು ಹಗುರಾಗುತ್ತದೆ ಎನ್ನುವವರನ್ನು ಒಂದು ದಿನ ಆ ಮಣೆಯಿಂದ ಎಬ್ಬಿಸಬೇಕು. ಅಂದಿನಿಂದ ಭಾವ ನನ್ನನ್ನು ಹೊಸ್ತಿಲ ಒಳಗೆ ಬಿಡಲಿಲ್ಲ, ಮಗಳನ್ನು ನಮ್ಮ ಮನೆಗೆ ಕಳಿಸಕೂಡದು ಎಂದು ಅಕ್ಕನಿಗೆ ತಾಕೀತು ಬೇರೆ ಮಾಡಿದ. ಅಕ್ಕ ಅವನೆದುರು ಹೂಂ ಅನ್ನುತ್ತಿದ್ದಳು. ಅವನು ಊಟ ಮಾಡಿ ಅಂಗಡಿಗೆ ಹೋದ ಮೇಲೆ ಕೂಸನ್ನು ಕರೆದುಕೊಂಡು ಬಂದುಬಿಡುತ್ತಿದ್ದಳು.

ಹೀಗೆ ಅಕ್ಕನ ಮಗಳು, ನನ್ನ ಸೋದರ ಸೊಸೆ, ನಮ್ಮ ಹೊರಸಿನ ಬಳಿ ಬೆಳೆದಳು. ಒದ್ದೆ ಕರಡಿ ಮಲಗಿದ್ದರೆ ಅವಳಿಗೆ ಹಬ್ಬ. ಒಂದು ಬ್ರಶ್ ನನ್ನ ಕೈಯಲ್ಲಿ, ಒಂದು ಅವಳ ಕೈಯಲ್ಲಿ. ಹೊಟ್ಟೆಯ ಭಾಗ ಅವಳದು. "ಮಾಮಾ, ಇದಕ್ಕ ಎಣ್ಣಿ ಹಚ್ಚಂಗಿಲ್ಲೇನು?" ಎಂದು ಕೇಳುತ್ತಿದ್ದಳು. ಅಫಜಲಪುರದಲ್ಲಿ ಒಂದು ನಾಯಿ ಕರಡಿಯ ಎಡಗಿವಿ ಹರಿದಿತ್ತು. ಅದನ್ನು ನಾನು ಕರಿ ದಾರದಿಂದ ಹೊಲಿದಾಗ ದಾರ ಕತ್ತರಿಸಿದ್ದು ಅವಳೇ. ಆಮೇಲೆ ಬಂದಾಗಲೆಲ್ಲ ಮೊದಲು ಆ ಹೊಲಿಗೆಯನ್ನು ಮುಟ್ಟಿ, ನೋವು ಹೋಯಿತೇ ಎಂದು ಕರಡಿಯನ್ನು ವಿಚಾರಿಸಿಯೇ ಕೂರುತ್ತಿದ್ದಳು.

ಅವಳಿಗೆ ಐದು ತುಂಬುವ ವಾರ ಭಾವ ನಮ್ಮ ಮನೆಗೆ ಬಂದ. ನಾಲ್ಕು ವರ್ಷದಲ್ಲಿ ಮೊದಲ ಸಲ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತ. ಮೊಬೈಲಿನಲ್ಲಿ ಅವನು ಯಾವುದೋ ವಿಡಿಯೊ ನೋಡಿದ್ದನಂತೆ: ಟೆಡ್ಡಿ ವೇಷದವನು ತಲೆ ತೆಗೆದರೆ ಒಳಗೆ ಅಪ್ಪ, ಮಗಳು ಓಡಿಬಂದು ತಬ್ಬಿಕೊಳ್ಳುತ್ತಾಳೆ, ಎಲ್ಲರ ಕಣ್ಣಲ್ಲೂ ನೀರು. ತನಗೂ ಅದು ಆಗಬೇಕಿತ್ತು.

"ನೀ ಕುಣಿಯಾಕ ಬರೂದು ಬ್ಯಾಡ. ನಾನ ಹಾಕ್ಕೊಂತೇನಿ. ಡ್ರೆಸ್ ಅಷ್ಟ ಕೊಡು," ಅಂದ. ಮೂಗಿನ ಮೇಲೆ ಕರವಸ್ತ್ರ ಇಟ್ಟುಕೊಂಡು ಮುಂದುವರಿಸಿದ, "ಛಂದಂಗ ತೊಳದ ಕೊಡು. ನಿನ್ನ ನಾತ ಪೂರಾ ಹೋಗಬೇಕು ನೋಡು."

"ಹೌದ್ರಿ, ತೊಳಿತೇನ್ರಿ," ಅಂದೆ. "ಖರೆ, ಝಿಪ್ ಬೆನ್ನಿಗಿ ಅದ. ಹಾಕಾಕ ಒಬ್ಬರು ಬೇಕಾಗತದ್ರಿ."

"ಹಂಗಾರ ನೀನ ಬಾ. ಹಿತ್ತಲದಾಗ ನಿಂದರು, ಒಳಗ ಬರಬ್ಯಾಡ."

ಅವನು ಹೋದ ಮೇಲೆ ನಾನು ಅಂಗಳದಲ್ಲಿ ಕೂತು ಒಬ್ಬನೇ ನಕ್ಕೆ. ನಾಲ್ಕು ವರ್ಷ ಕಾದದ್ದು ತಾನಾಗಿ ಬಾಗಿಲಿಗೆ ಬಂದು ನಿಂತಿತ್ತು. ಕರಡಿಯ ಮೈಯನ್ನು ಮೂರು ನೀರಿನಲ್ಲಿ ತೊಳೆದೆ, ಎರಡು ದಿನ ನೆರಳಲ್ಲಿ ಒಣಗಿಸಿದೆ, ಎಳೆ ಎಳೆ ಬಿಡಿಸಿ ಬಾಚಿದೆ. ತಲೆಗೆ ಮಾತ್ರ ಸಿರ್ಕಾ ತೋರಿಸಲಿಲ್ಲ. ಅಫಜಲಪುರದ ಎರಡು ಮದುವೆಗಳ ಬೆವರು ಅದರಲ್ಲಿ ಹಾಗೇ ಇತ್ತು. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿ ಬಿಗಿದು, ಮೂರು ದಿನ ಪತ್ರಾದ ಕೆಳಗೆ ಬಿಸಿಯಲ್ಲಿಟ್ಟೆ. ಕೊನೆಗೆ ಮೇಲ್ಭಾಗಕ್ಕಷ್ಟೇ ಬ್ರಶ್ ಆಡಿಸಿ ಅತ್ತರು ಸವರಿದೆ. ಅಷ್ಟು ಶ್ರದ್ಧೆಯಿಂದ ನಾನು ಬೇರೆ ಯಾವುದನ್ನೂ ತೊಳೆಯದೆ ಬಿಟ್ಟಿಲ್ಲ.

ಹುಟ್ಟುಹಬ್ಬದ ಸಂಜೆ ಅವರ ಹಿತ್ತಲಲ್ಲಿ ಭಾವನಿಗೆ ಕರಡಿಯ ಮೈ ತೊಡಿಸಿದೆ. ಒಳಗಿರುವುದು ಅವನೆಂದು ಅಕ್ಕನಿಗೆ, ನನಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ತಲೆಯನ್ನು ಬೇಕೆಂದೇ ತಡ ಮಾಡಿದೆ. ಮುಂದಿನ ಅಂಗಳದಿಂದ ಮಕ್ಕಳು ಟೆಡ್ಡಿ ಟೆಡ್ಡಿ ಎಂದು ಕೂಗಲು ಶುರು ಮಾಡಿದಾಗ ಗಬಕ್ಕನೆ ಹಾಕಿ, ಗದ್ದದ ಕೆಳಗಿನ ಪಟ್ಟಿ ಬಿಗಿದೆ.

"ಥೂ! ಏನ್ ನಾತಲೇ ಇದು! ಉಸಿರು ಕಟ್ಟತದ!"

"ಹುಡುಗರು ಕರಿಯಾಕತ್ತಾವ್ರಿ, ನಡೀರಿ ನಡೀರಿ," ಎಂದು ಬೆನ್ನಿಗೆ ಕೈ ಕೊಟ್ಟು ಅಂಗಳಕ್ಕೆ ತಳ್ಳಿದೆ. ಬಾಗಿಲ ಮರೆಯಲ್ಲಿ ನಿಂತೆ.

ಮಕ್ಕಳು ಮುತ್ತಿಕೊಂಡರು. ಒಬ್ಬ ಬಾಲ ಜಗ್ಗಿದ, ಇನ್ನೊಬ್ಬ ಹೊಟ್ಟೆಗೆ ಗುದ್ದಿದ, ಮತ್ತೊಬ್ಬ ಬೆನ್ನೇರಿದ. ಒಳಗೆ ಅವನು ಓಕರಿಸುವುದು ಕರಡಿಯ ಭುಜದಲ್ಲಿ ಕಾಣುತ್ತಿತ್ತು. ಮಂದಿ ಅದನ್ನು ಕುಣಿತವೆಂದು ತಿಳಿದು ಚಪ್ಪಾಳೆ ತಟ್ಟಿದರು. ಜಗ್ಗಲೇ, ಇನ್ನೂ ಜೋರಾಗಿ ಜಗ್ಗಲೇ ಎಂದು ನಾನು ಮನಸ್ಸಿನಲ್ಲೇ ಹುಡುಗರನ್ನು ಹುರಿದುಂಬಿಸಿದೆ. ನನಗೆ ಆದ ಸಂತೋಷವನ್ನು ಮುಚ್ಚಿಟ್ಟು ಏನು ಮಾಡಲಿ, ಅಂಥ ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಸಾಕಾಗಿ ಅವನು ಹಿತ್ತಲ ಬಾಗಿಲ ಹತ್ತಿರ ಸರಿದು ಬಂದ. ತಲೆ ತೆಗೆಯಲೆಂದು ಎರಡೂ ಕೈ ಎತ್ತಿದ. ಅಷ್ಟರಲ್ಲಿ ಸೊಸೆ ಓಡಿಬಂದಳು. ಎಡಗಿವಿಯ ಕಡೆ ಕೈ ಚಾಚಿದಳು. ಅವನು ಬಗ್ಗಿದ. ಅವಳು ಕರಿ ದಾರದ ಹೊಲಿಗೆಯನ್ನು ಮುಟ್ಟಿ ನೋಡಿದಳು, ಕೊರಳು ತಬ್ಬಿಕೊಂಡಳು, ಮೂಗು ಒತ್ತಿ ವಾಸನೆ ತೆಗೆದುಕೊಂಡಳು. ಆಮೇಲೆ ಕರಡಿಯ ಬಾಯಿಯ ಜಾಲರಿಗೆ ಬಾಯಿ ಹಚ್ಚಿ ಗುಟ್ಟು ಹೇಳಿದಳು. ಐದು ವರ್ಷದವರ ಗುಟ್ಟು ಮೂರು ಮಾರು ಆಚೆಗೂ ಕೇಳುತ್ತದೆ.

"ಮಾಮಾ, ತೆಲಿ ತಗೀಬ್ಯಾಡ. ಪಪ್ಪಾ ನೋಡಿದ್ರ ನಿನ್ನ ಹೊರಗ ಹಾಕತಾನ. ನಾ ಯಾರ ಮುಂದೂ ಹೇಳಂಗಿಲ್ಲ. ನೀ ಹಿಂಗ ಇರು."

ಎತ್ತಿದ ಕೈಗಳು ಹಾಗೇ ನಿಂತವು. ಆಮೇಲೆ ಕೆಳಗಿಳಿದವು.

ಕೇಕ್ ಕತ್ತರಿಸುವ ಹೊತ್ತಿಗೆ ಎಲ್ಲರೂ ಅವನನ್ನು ಹುಡುಕಿದರು. ಕೂಸಿನ ಅಪ್ಪ ಎಲ್ಲಿ, ಕರೀರಿ ಅವನನ್ನು ಎಂದು ಹಿರಿಯರು ಕೂಗಿದರು. ಅಪ್ಪ ಅವರ ನಡುವೆಯೇ ತುಪ್ಪಳದ ಕೈ ಜೋಲು ಬಿಟ್ಟುಕೊಂಡು ನಿಂತಿದ್ದ. ಅಂಗಡಿಗೆ ಹೋಗಿದ್ದಾರೆ, ಬರುತ್ತಾರೆ ಅಂದಳು ಅಕ್ಕ. ಜವಳದ ದಿನದ ಹಾಗೆ ತಲೆ ತಗ್ಗಿಸಿದ್ದಳು, ಆದರೆ ಈ ಸಲ ನಗು ತಡೆಯಲು ಸೆರಗು ಕಚ್ಚಿಕೊಂಡಿದ್ದಳು. ಸೊಸೆ ಮೊದಲ ತುಂಡನ್ನು ತನ್ನ ಅಮ್ಮನಿಗೆ ತಿನ್ನಿಸಿದಳು. ಎರಡನೆಯದನ್ನು ಯಾರೂ ನೋಡದಾಗ ಜಾಲರಿಯೊಳಗೆ ತುರುಕಿ, "ತಿನ್ನು ಮಾಮಾ," ಅಂದಳು.

ಹಿತ್ತಲಿಗೆ ಬಂದವನು ನನಗೆ ಬೆನ್ನು ತಿರುಗಿಸಿ ನಿಂತ. ನಾನು ಪಟ್ಟಿ ಬಿಚ್ಚಿ ತಲೆ ತೆಗೆದೆ. ಮುಖದ ತುಂಬ ಬೆವರು, ಗದ್ದಕ್ಕೆ ಕೇಕಿನ ಕ್ರೀಮು, ಕಣ್ಣು ಕೆಂಪು. ಬೈಯುತ್ತಾನೆ ಎಂದು ಕಾದೆ. ಬೈಗುಳಕ್ಕೆ ಉತ್ತರಗಳನ್ನು ಮೂರು ದಿನದಿಂದ ಸಾಲಾಗಿ ಜೋಡಿಸಿಟ್ಟಿದ್ದೆ.

"ಆಕಿ ನಿಮ್ಮ ಮನಿಗಿ ಯಾವಾಗಿಂದ ಬರತಾಳ?" ಎಂದಷ್ಟೇ ಕೇಳಿದ.

"ನೀವು ಬ್ಯಾಡ ಅಂದಾಗಿಂದ್ರಿ," ಅಂದೆ.

ಅವನು ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡ. ನಾನು ಕರಡಿಯನ್ನು ಚೀಲಕ್ಕೆ ತುಂಬಿಕೊಂಡು ಹಿಂದಿನ ಬಾಗಿಲಿನಿಂದ ಹೊರಟೆ. ಒಳಗಿದ್ದವನು ತಾನೆಂದು ಅವನು ಮಗಳಿಗೆ ಆಮೇಲೂ ಹೇಳಲಿಲ್ಲ. ಯಾವ ಬಾಯಿಂದ ಹೇಳಿಯಾನು?

ಮರುದಿನ ತಲೆ ತೊಳೆಯಲು ಕೂತೆ. ಜಾಲರಿಯ ಸಂದಿಯ ಕ್ರೀಮನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತೆಗೆದೆ. ಸಿರ್ಕಾದ ನೀರಿನಲ್ಲಿ ನಾಲ್ಕು ಸಲ ಅರಿವೆ ಅದ್ದಿ ಒಳಗೆಲ್ಲ ಒರೆಸಿದೆ. ಈಗ ಅದರಲ್ಲಿ ನನ್ನದು ಎಷ್ಟು, ಅವನದು ಎಷ್ಟು ಎಂದು ಬೇರೆ ಮಾಡಲು ಬರುವಂತಿರಲಿಲ್ಲ. ಮಧ್ಯಾಹ್ನ ಸೊಸೆ ಬಂದಳು. ಎಂದಿನಂತೆ ಹೊಲಿಗೆ ಮುಟ್ಟಿದಳು, ಬ್ರಶ್ ತೆಗೆದುಕೊಂಡಳು, ಹೊಟ್ಟೆ ಬಾಚುತ್ತ ಕೂತಳು. ಸ್ವಲ್ಪ ಹೊತ್ತಿನ ಮೇಲೆ ತಲೆಯೆತ್ತಿ ಕೇಳಿದಳು.

"ಮಾಮಾ, ನಿನ್ನಿ ನೀ ಒಳಗ ಯಾಕ ಅಳಾಕತ್ತಿದ್ದಿ? ಕೇಕ್ ಕೊಟ್ಟಾಗ ಸುರ್ ಸುರ್ ಅಂತಿತ್ತು, ನಾ ಕೇಳೀನಿ."

ಅದು ನಿನ್ನ ಪಪ್ಪಾ ಎಂದು ಒಂದು ಮಾತು ಹೇಳಿದ್ದರೆ, ಅವನು ವಿಡಿಯೊ ನೋಡಿ ಆಸೆಪಟ್ಟಿದ್ದೆಲ್ಲ ಆ ಗಳಿಗೆಯಲ್ಲೇ ಅವನಿಗೆ ಸಿಗುತ್ತಿತ್ತು. ಅವಳು ಎದ್ದು ಗೊಬ್ಬರದ ಅಂಗಡಿಯವರೆಗೂ ಓಡಿ ಹೋಗಿ ಅವನನ್ನು ತಬ್ಬಿಕೊಳ್ಳುತ್ತಿದ್ದಳು. ನನಗೆ ಅದು ಚೆನ್ನಾಗಿ ಗೊತ್ತಿತ್ತು. ಮಣೆಯೂ ನೆನಪಿತ್ತು.

"ನೀ ಕೇಕ್ ಕೊಟ್ಟೆಲ್ಲ, ಖುಷಿಗಿ ಅತ್ತೆ," ಅಂದೆ.

ಅವಳು ಎದ್ದು ಬಂದು ನನ್ನ ತೊಡೆಯ ಮೇಲೆ ಕೂತಳು. ನಾನು ಇಂದಿಗೂ ಹೇಳಿಲ್ಲ.