ದೀವಿಹಲಸಿನ ಅಂಟು

ಹದಿನೆಂಟು ವರ್ಷ ತೀವಾ ಆ ಮನೆಯ ತುರಿಮಣೆಯ ಮೇಲೆ ಕೂತು ಕಾಯಿ ತುರಿದಿದ್ದಳು. ತೆಂಗಿನ ತೆಳು ಹಾಲಿನಲ್ಲಿ ದೀವಿಹಲಸು ಬೆಂದು, ಒಣಮೀನು ಬಿದ್ದು, ಕೊನೆಗೆ ಗಟ್ಟಿ ಹಾಲು ಕೂಡಿದ ಮೇಲೆ ಅತ್ತೆ ಸೊಲೆದಾದ್ ಅಡುಗೆಮನೆಗೆ ಕಾಲಿಡುತ್ತಿದ್ದಳು. ಚಿಟಿಕೆ ಉಪ್ಪು ಉದುರಿಸಿ ಮಡಕೆಯನ್ನು ನೆಂಟರ ಮುಂದೆ ತಂದಿಡುತ್ತಿದ್ದಳು. ಸೊರ್ಸೊಗೊನ್‌ನ ಆ ಕಡಲ ಕೇರಿಗೆಲ್ಲ ಅದು ಸೊಲೆದಾದ್ ಅಜ್ಜಿಯ ದೀವಿಹಲಸು.

ತೀವಾ ಅದನ್ನೂ ನುಂಗಿಕೊಂಡಿದ್ದಳು. ಆದರೆ ಹೋದ ವರ್ಷ ನೆರೆಮನೆಯ ಕಂದಿಂಗ್ "ಹೇಗೆ ಮಾಡ್ತೀಯೇ ಇದನ್ನ?" ಎಂದು ತೀವಾಳನ್ನು ಕೇಳಿದಾಗ ಅತ್ತೆ ನಕ್ಕುಬಿಟ್ಟಳು. "ಅವಳನ್ನೇನು ಕೇಳ್ತೀಯ? ಮಡಕೆ ತೊಳೆಯೋದು ಬಿಟ್ರೆ ಅವಳಿಗೇನು ಬರುತ್ತೆ!"

ಆ ನಗು ಕೆಂಡವಾಗಿ ಕೂತಿತು. ಬಟ್ಟೆ ಒಗೆಯುವಲ್ಲಿ, ಮೀನು ಕೊಳ್ಳುವಲ್ಲಿ ತೀವಾ ಒಂದೇ ಮಾತು ಬಿತ್ತುತ್ತ ಬಂದಳು: "ನಮ್ಮತ್ತೆಗೆ ವಯಸ್ಸಾಯ್ತು. ಆ ಕೈರುಚಿ ಅವರ ಜೊತೇಲೇ ಹೋಗಬಾರದು, ನೋಡಿ."

ಕಲಿಸಿಕೊಡಿ ಎಂದು ಹೆಂಗಸರು ಅತ್ತೆಗೆ ಗಂಟುಬಿದ್ದರು. ಒಂದು ಭಾನುವಾರ ಚರ್ಚಿನ ಅಂಗಳದಲ್ಲೇ ಒಲೆ ಹೂಡಿದರು. ಸಾಮಾನೆಲ್ಲ ತಂದವಳು ತೀವಾ. ಹೊಗಳಿಕೆಗೆ ಉಬ್ಬಿ ಬಂದ ಸೊಲೆದಾದ್ ಕೈ ಬೀಸಿದಳು.

"ತೀವಾ, ದೀವಿಹಲಸು ಹೆಚ್ಚು ಬಾ."

"ನಾನಾ? ನಂಗೆ ಮಡಕೆ ತೊಳೆಯೋದಷ್ಟೇ ಬರೋದು, ನಾನಾಯ್." ಅತ್ತೆಯನ್ನು ಅವಳು ಎಂದಿನಂತೆ 'ನಾನಾಯ್', ಅಮ್ಮ, ಎಂದೇ ಕರೆದಳು.

ಇಪ್ಪತ್ತು ಜೊತೆ ಕಣ್ಣು ಮುದುಕಿಯ ಮೇಲೆ ನೆಟ್ಟವು. ಹುಟ್ಟಿದ ಮನೆಯಲ್ಲಿ ಆಳುಗಳು, ಮೆಟ್ಟಿದ ಮನೆಯಲ್ಲಿ ಮೊದಲು ನಾದಿನಿ, ಆಮೇಲೆ ಸೊಸೆ. ಸೊಲೆದಾದ್ ದೀವಿಹಲಸಿಗೆ ಕತ್ತಿ ಹಾಕಿದ್ದೇ ಇಲ್ಲ. ಈಗ ಬರಿಗೈಯಲ್ಲೇ ಕತ್ತಿ ಹಿಡಿದು ಸೀಳಿದಳು. ಬಿಳಿ ಮೇಣ ಒಸರಿ ಬೆರಳಿಗೆ ಬೆರಳು ಅಂಟಿತು, ಕತ್ತಿ ಅಂಗೈಗೆ ಅಂಟಿತು. ನೀರಲ್ಲಿ ಅದ್ದಿದರೆ ಇನ್ನಷ್ಟು ಬಿಗಿಯಿತು.

"ಅಯ್ಯೋ, ಕೈಗೆ ಎಣ್ಣೆ ಹಚ್ಚಿಲ್ವಾ ಅಜ್ಜಿ?" ಕಂದಿಂಗ್ ಕಣ್ಣರಳಿಸಿದಳು. "ನಮ್ಮನೆ ಮಗೂಗೂ ಗೊತ್ತಿದೆಯಲ್ಲ!"

ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು.

ಎಣ್ಣೆಯ ಬಾಟಲಿ ತೀವಾಳ ಮಡಿಲಲ್ಲಿತ್ತು.

"ಕೊಡೇ," ಮುದುಕಿ ಪಿಸುಗುಟ್ಟಿದಳು.

"ಇಷ್ಟು ವರ್ಷ ಇದನ್ನ ಮಾಡಿದ್ದು ಯಾರು, ನಾನಾಯ್? ಗಟ್ಟಿಯಾಗಿ ಹೇಳಿ."

"...ಸೊಸೆ."

"ಸೊಸೆಗೆ ಹೆಸರಿಲ್ವಾ?"

"ತೀವಾ! ತೀವಾ ಮಾಡಿದ್ದು, ಸಾಕಾ?"

ತೀವಾ ಬಿರಡೆ ತೆಗೆದು ಅತ್ತೆಯ ಬಲಗೈಗೆ ಮಾತ್ರ ಎಣ್ಣೆ ಸುರಿದಳು.

"ಇನ್ನೊಂದು ಕೈಗೆ?"

"ಒಂದು ಕೈ ಸಾಕು, ಅಲ್ಲಿ ಕೂತ್ಕೊಳ್ಳಿ," ಎಂದು ತೀವಾ ತನ್ನ ಅಂಗೈಗೆ ಎಣ್ಣೆ ಸವರಿಕೊಂಡು ಕತ್ತಿ ಎತ್ತಿಕೊಂಡಳು. "ಅಡುಗೆ ಆದ್ಮೇಲೆ ನೀವು ಮಡಕೆ ತೊಳೆಯೋದಿದೆ. ಆಗ ಇನ್ನೊಂದಕ್ಕೆ ಹಾಕ್ತೀನಿ."